ಭದ್ರತೆಯ ಅರಿವು ಮೂಡಿಸುವ ಎಸ್ಕೇಪ್ ರೂಮ್‌ಗೆ ಒಗಟುಗಳನ್ನು ಹೇಗೆ ಆರಿಸಬೇಕು?

ಕಚೇರಿಯ ಸಿಬ್ಬಂದಿಗೆ ಸೈಬರ್ ಭದ್ರತೆ ಕಲಿಸಲು ಎಸ್ಕೇಪ್ ರೂಮ್ (ನಿಗದಿತ ಸಮಯದೊಳಗೆ ಒಗಟು ಬಿಡಿಸಿ, ಬೀಗಗಳನ್ನು ತೆರೆಯುತ್ತಾ ಹೊರಬರುವ ಆಟದ ಕೋಣೆ) ಕಟ್ಟುತ್ತಿದ್ದೇನೆ, ಒಗಟುಗಳನ್ನು ಹೇಗೆ ಆರಿಸಲಿ ಎಂದು ಕೇಳಿದ್ದೀರಿ. ಇಂಥ ಕೆಲವು ಕೋಣೆಗಳನ್ನು ಕಟ್ಟಿ, ಮೊದಲನೆಯದನ್ನು ಚೆನ್ನಾಗಿಯೇ ಕೆಡಿಸಿಕೊಂಡ ಅನುಭವದಿಂದ ಹೇಳುತ್ತೇನೆ: ಒಗಟುಗಳನ್ನು ಹುಡುಕುವ ಮೊದಲು ನಿಮ್ಮವರು ದಿನನಿತ್ಯ ಮಾಡುವ ಮೂರು ನಾಲ್ಕು ತಪ್ಪುಗಳನ್ನು ಬರೆದಿಟ್ಟುಕೊಳ್ಳಿ. ಅವುಗಳಲ್ಲಿ ಒಂದಕ್ಕೂ ಸಂಬಂಧವಿಲ್ಲದ ಬೀಗ ಎಷ್ಟೇ ಸೊಗಸಾಗಿದ್ದರೂ ಕೋಣೆಯಲ್ಲಿ ಇರಬಾರದು.

ನನ್ನ ಮೊದಲ ಕೋಣೆಯಲ್ಲಿ ಅಕ್ಷರಗಳನ್ನು ಮೂರು ಸ್ಥಾನ ಸರಿಸಿ ಓದುವ ಸೀಸರ್ ಸಂಕೇತದ ಒಗಟಿತ್ತು. ಎಲ್ಲರೂ ಅದನ್ನು ಮೆಚ್ಚಿದರು, ಆದರೆ ಅದರಿಂದ ಯಾರೂ ಏನನ್ನೂ ಕಲಿಯಲಿಲ್ಲ. ಇನ್ನೂ ದೊಡ್ಡ ತಪ್ಪೆಂದರೆ, ಮೇಜಿನ ಕೆಳಗೆ ಒಂದು ಪೆನ್‌ಡ್ರೈವ್ ಬಚ್ಚಿಟ್ಟು ಮುಂದಿನ ಸುಳಿವನ್ನು ಅದರೊಳಗೆ ಇಟ್ಟಿದ್ದೆ. ಕೈಗೆ ಸಿಕ್ಕಿದ್ದೆಲ್ಲ ಸುಳಿವು ಎಂಬುದು ಈ ಆಟದ ನಿಯಮ. ಕೈಗೆ ಸಿಕ್ಕಿದ್ದನ್ನೆಲ್ಲ ನಂಬಬಾರದು ಎಂಬುದು ನಾವು ಕಲಿಸಬೇಕಾದ ಪಾಠ. ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು ಬೇಕೆಂದೇ 297 ಪೆನ್‌ಡ್ರೈವ್‌ಗಳನ್ನು ಬೀಳಿಸಿದಾಗ, ಅವುಗಳಲ್ಲಿ ಕನಿಷ್ಠ ಶೇ. 45ರಷ್ಟನ್ನು ಯಾರೋ ಕಂಪ್ಯೂಟರಿಗೆ ಸಿಕ್ಕಿಸಿ ಕಡತಗಳನ್ನು ತೆರೆದಿದ್ದರೆಂದು 2016ರಲ್ಲಿ ಪ್ರಕಟವಾದ ಅವರ ಪ್ರಬಂಧ ಹೇಳುತ್ತದೆ. ನಾನು ಅದೇ ಅಭ್ಯಾಸಕ್ಕೆ ಬಹುಮಾನ ಕೊಟ್ಟಂತಾಗಿತ್ತು. ಈಗ ನನ್ನ ಕೋಣೆಯಲ್ಲಿ ಪೆನ್‌ಡ್ರೈವ್ ಸಿಕ್ಕಿಸಿದರೆ ಪರದೆ ಐದು ನಿಮಿಷ ಕೆಲಸ ಮಾಡುವುದಿಲ್ಲ. ಗೋಡೆಯ ಮೇಲಿನ ಸಹಾಯವಾಣಿಗೆ ಕರೆ ಮಾಡಿ ತಿಳಿಸಿದವರಿಗೆ ಮಾತ್ರ ಬೀಗದ ಸಂಖ್ಯೆ ಸಿಗುತ್ತದೆ.

ಸಮಯದ ಒತ್ತಡವನ್ನು ಅಲಂಕಾರವೆಂದು ತಿಳಿಯಬೇಡಿ, ಏಕೆಂದರೆ ವಂಚಕರು ಬಳಸುವುದೂ ಅದೇ ಆತುರವನ್ನು. ಆಟದ ನಡುವೆ ಒಂದು ಫೋನಿಗೆ ಲಾಗಿನ್ ಅನುಮತಿ ಕೋರುವ ಸಂದೇಶಗಳನ್ನು ಮೇಲಿಂದ ಮೇಲೆ ಕಳುಹಿಸಿ ನೋಡಿ: ಗಡಿಯಾರ ಓಡುತ್ತಿರುವಾಗ ಕಿರಿಕಿರಿ ತಾಳಲಾರದೆ ಯಾರಾದರೊಬ್ಬರು ‘ಒಪ್ಪಿಗೆ’ ಒತ್ತುವ ಸಾಧ್ಯತೆ ಹೆಚ್ಚು, ಮತ್ತು ಉಪನ್ಯಾಸದಲ್ಲಿ ಹೇಳಿ ತಿಳಿಸಲಾಗದ್ದು ಆ ಒಂದು ಕ್ಷಣದಲ್ಲಿ ಅವರಿಗೆ ತಾನಾಗಿ ತಿಳಿಯುತ್ತದೆ. ಫಿಶಿಂಗ್‌ಗೆ, ಅಂದರೆ ನಂಬಿಕಸ್ಥರ ಹೆಸರಿನಲ್ಲಿ ನಕಲಿ ಇಮೇಲ್ ಕಳುಹಿಸಿ ಮಾಡುವ ವಂಚನೆಗೆ, ಆರು ಮುದ್ರಿತ ಇಮೇಲ್‌ಗಳು ಸಾಕು. ಕಳುಹಿಸಿದವರ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ ಅಸಲಿಯಾದವನ್ನು ಬೇರ್ಪಡಿಸಿದಾಗ ಬೀಗದ ಅಂಕಿಗಳು ಸಿಗುವಂತೆ ಮಾಡಿ. ಪಾಸ್‌ವರ್ಡ್‌ನ ಒಗಟಿನಲ್ಲಿ ಹಳೆಯ ಸಲಹೆಗಳನ್ನು ಕಲಿಸದಂತೆ ಎಚ್ಚರವಿರಲಿ: ನಿಯತಕಾಲಿಕವಾಗಿ ಪಾಸ್‌ವರ್ಡ್ ಬದಲಿಸಲು ಬಲವಂತ ಮಾಡಬಾರದೆಂದು ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರ ಮಾರ್ಗಸೂಚಿಯಲ್ಲೇ ಹೇಳಿದೆ.

ನಾಲ್ಕರಿಂದ ಆರು ಜನರ ತಂಡಕ್ಕೆ ಅರ್ಧ ಗಂಟೆಯ ಆಟ, ಅದರ ಬೆನ್ನಿಗೇ ಕಾಲು ಗಂಟೆಯ ಚರ್ಚೆ ಇರಲಿ. ಸಮಯ ಸಾಲದಿದ್ದರೆ ಒಂದು ಬೀಗ ಕಡಿಮೆ ಮಾಡಿ, ಚರ್ಚೆಯನ್ನು ಮಾತ್ರ ಕತ್ತರಿಸಬೇಡಿ. ಕೋಣೆಯ ಕಂಪ್ಯೂಟರನ್ನು ಕಚೇರಿಯ ಜಾಲದಿಂದ ಪೂರ್ತಿಯಾಗಿ ಬೇರ್ಪಡಿಸಿ, ಅದರಲ್ಲಿ ಟೈಪಿಸಿದ್ದೆಲ್ಲವನ್ನೂ ಪ್ರತಿ ತಂಡದ ನಂತರ ಅಳಿಸಿಹಾಕಿ, ಏಕೆಂದರೆ ಆಟದ ಭರದಲ್ಲಿ ಕೆಲವರು ತಮ್ಮ ನಿಜವಾದ ಪಾಸ್‌ವರ್ಡನ್ನೇ ಅಲ್ಲಿ ಟೈಪಿಸಿಬಿಡುತ್ತಾರೆ.