ಪ್ರಯೋಗಾಲಯ ತರಬೇತಿ: ಶುಲ್ಕ ಕಟ್ಟುವ ಮುನ್ನ

ಪ್ರಶ್ನೆ: ನಾನು ಜೈವಿಕ ತಂತ್ರಜ್ಞಾನದ ಎಂ.ಎಸ್‌ಸಿ. ವಿದ್ಯಾರ್ಥಿನಿ. ನಮ್ಮ ವಿಭಾಗದಲ್ಲಿ ಇರುವುದು ಒಂದೇ ಪಿಸಿಆರ್ ಯಂತ್ರ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ಯಂತ್ರ). ಅಧ್ಯಾಪಕರು ಮಾಡುವುದನ್ನು ನಾವು ಸುತ್ತ ನಿಂತು ನೋಡುತ್ತೇವೆ. ಪಿಸಿಆರ್, ಜೆಲ್ ಎಲೆಕ್ಟ್ರೊಫೊರೆಸಿಸ್ (ಡಿಎನ್‌ಎ ತುಣುಕುಗಳನ್ನು ಜೆಲ್‌ನಲ್ಲಿ ವಿದ್ಯುತ್ತಿನಿಂದ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವುದು), ಕ್ಲೋನಿಂಗ್ (ಡಿಎನ್‌ಎ ತುಣುಕನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಹೆಚ್ಚಿಸುವುದು), ವೆಸ್ಟರ್ನ್ ಬ್ಲಾಟ್ (ನಿರ್ದಿಷ್ಟ ಪ್ರೋಟೀನನ್ನು ಪತ್ತೆಹಚ್ಚುವ ವಿಧಾನ) ಎಲ್ಲವನ್ನೂ ಒಂದು ವಾರದಲ್ಲಿ ಕಲಿಸುವುದಾಗಿ ಹೇಳುವ ಖಾಸಗಿ ತರಬೇತಿಗೆ ಸೇರಬಹುದೇ?
– ಓದುಗರು, ದಾವಣಗೆರೆ

ಉತ್ತರ: ಸೇರುವ ಮುನ್ನ ಅವರನ್ನು ಎರಡು ವಿಷಯ ಕೇಳಿ: ಪ್ರತಿ ವಿದ್ಯಾರ್ಥಿಯೂ ತನ್ನ ಮಿಶ್ರಣವನ್ನು ತಾನೇ ಸಿದ್ಧಪಡಿಸುತ್ತಾನೆಯೇ, ಫಲಿತಾಂಶ ಬರದಿದ್ದರೆ ಮತ್ತೊಮ್ಮೆ ಮಾಡಲು ಬಿಡುತ್ತಾರೆಯೇ? ಕ್ಲೋನಿಂಗ್ ಒಂದನ್ನೇ ತೆಗೆದುಕೊಂಡರೂ, ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಬೆಳೆಯಲು ಒಂದು ರಾತ್ರಿ, ಅದರಲ್ಲಿ ಆರಿಸಿದ ಒಂದು ಕಾಲೊನಿಯನ್ನು (ಬ್ಯಾಕ್ಟೀರಿಯಾ ಗುಂಪನ್ನು) ದ್ರವದಲ್ಲಿ ಬೆಳೆಸಲು ಇನ್ನೊಂದು ರಾತ್ರಿ ಬೇಕು. ಸೇರಿಸಿದ ತುಣುಕನ್ನು ಹೊತ್ತ ಉಂಗುರಾಕಾರದ ಡಿಎನ್‌ಎಯನ್ನು, ಅಂದರೆ ಪ್ಲಾಸ್ಮಿಡ್ಡನ್ನು, ಬೇರ್ಪಡಿಸಿ ಪರೀಕ್ಷಿಸುವಷ್ಟರಲ್ಲಿ ವಾರದ ಬಹುಪಾಲು ಕಳೆದಿರುತ್ತದೆ. ಹಾಗಾಗಿ ಜಾಹೀರಾತಿನ ಪಟ್ಟಿ ಉದ್ದವಾದಷ್ಟೂ ನಿಮ್ಮ ಕೈಗೆ ಸಿಗುವ ಕೆಲಸ ಕಡಿಮೆ ಎಂದೇ ನಾನು ಎಣಿಸುತ್ತೇನೆ. ಪ್ರಮಾಣಪತ್ರವಂತೂ ಎಲ್ಲರಿಗೂ ಸಿಗುತ್ತದೆ.

ಕೈ ಪಳಗಬೇಕಾದದ್ದು ಮೊದಲು ಅತಿ ಸಣ್ಣ ಪ್ರಮಾಣದ ದ್ರವವನ್ನು ಅಳೆಯುವ ಮೈಕ್ರೊಪಿಪೆಟ್‌ನಲ್ಲಿ, ಅದಕ್ಕೆ ಯಾವ ಶುಲ್ಕವೂ ಬೇಕಿಲ್ಲ. ಗುಂಡಿಯನ್ನು ಮೊದಲ ತಡೆಯವರೆಗೆ ಮಾತ್ರ ಒತ್ತಿ ದ್ರವವನ್ನು ಎಳೆದುಕೊಳ್ಳಬೇಕು, ಹೊರಬಿಡುವಾಗ ಎರಡನೆಯ ತಡೆಯವರೆಗೂ ಒತ್ತಬೇಕು. ಎಳೆಯುವಾಗಲೇ ಎರಡನೆಯದಕ್ಕೆ ಇಳಿದರೆ ಅಳತೆ ಹೆಚ್ಚಾಗುತ್ತದೆ. 100 ಮೈಕ್ರೊಲೀಟರ್ ನೀರಿನ ತೂಕ ಸುಮಾರು 100 ಮಿಲಿಗ್ರಾಂ ಆದ್ದರಿಂದ, ನಿಮ್ಮ ವಿಭಾಗದ ಸೂಕ್ಷ್ಮ ತಕ್ಕಡಿಯ ಮೇಲೆ ಹತ್ತು ಬಾರಿ ನೀರು ಹಾಕಿ ತೂಕಗಳನ್ನು ಬರೆದುಕೊಂಡರೆ ನಿಮ್ಮ ಕೈ ಎಷ್ಟು ಸ್ಥಿರವಾಗಿದೆ ಎಂಬುದು ತಿಳಿಯುತ್ತದೆ.

ಈ ಶಿಸ್ತು ಪಿಸಿಆರ್‌ನಲ್ಲಿ ಏಕೆ ಮುಖ್ಯವೆಂದರೆ, ಸುಮಾರು 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡಿಎನ್‌ಎಯ ಎರಡು ಎಳೆಗಳು ಬೇರ್ಪಟ್ಟು, 55ರ ಆಸುಪಾಸಿನಲ್ಲಿ ಪ್ರೈಮರ್‌ಗಳು (ನಕಲು ಶುರುವಾಗುವ ಜಾಗವನ್ನು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕುಗಳು) ಅಂಟಿ, 72ರಲ್ಲಿ ಹೊಸ ಎಳೆ ಬೆಳೆಯುವ ಈ ಚಕ್ರ ಪ್ರತಿ ಸಲವೂ ಡಿಎನ್‌ಎಯನ್ನು ಇಮ್ಮಡಿಗೊಳಿಸುತ್ತದೆ. ಲೆಕ್ಕದ ಪ್ರಕಾರ 30 ಚಕ್ರಗಳಲ್ಲಿ ಒಂದು ಅಣು ನೂರು ಕೋಟಿಯನ್ನು ಮೀರುತ್ತದೆ. ಪಿಪೆಟ್‌ನ ತುದಿಯಲ್ಲಿ ಉಳಿದ ಹಳೆಯ ಡಿಎನ್‌ಎ ಕೂಡ ಹಾಗೆಯೇ ಹೆಚ್ಚುತ್ತದೆ. ಆದ್ದರಿಂದ ಡಿಎನ್‌ಎ ಬದಲು ಬರೀ ನೀರು ಹಾಕಿದ ಒಂದು ನಳಿಕೆಯನ್ನು ಪ್ರತಿ ಬಾರಿಯೂ ಇಡಬೇಕು. ಆ ನಳಿಕೆಯ ದ್ರವವನ್ನು ಜೆಲ್‌ನಲ್ಲಿ ಓಡಿಸಿದಾಗಲೂ ಡಿಎನ್‌ಎಯ ಗೆರೆ ಮೂಡಿದರೆ ಉಳಿದ ಫಲಿತಾಂಶವನ್ನು ನಂಬುವಂತಿಲ್ಲ. ಇದನ್ನು ಕಲಿಸದ ತರಬೇತಿಗೆ ಹಣ ಕೊಡಬೇಡಿ.

ಇನ್ನೊಂದು ದಾರಿಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆಗೂಡಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ. ಆಯ್ಕೆಯಾದವರು ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿ ಸುಮಾರು ಎರಡು ತಿಂಗಳು ಕೆಲಸ ಮಾಡಬಹುದು, ಅದಕ್ಕೆ ಭತ್ಯೆಯೂ ಇರುತ್ತದೆ. ಪೈಪೋಟಿ ಹೆಚ್ಚು, ಆದರೂ ಅರ್ಜಿ ಹಾಕಿ.

ಪ್ರಶ್ನೆ: ಜೆಲ್‌ನಲ್ಲಿ ಡಿಎನ್‌ಎ ಕಾಣಿಸಲು ಬಳಸುವ ಎಥಿಡಿಯಂ ಬ್ರೋಮೈಡ್ ಎಂಬ ಬಣ್ಣ ಅಪಾಯಕಾರಿಯೇ?
– ಓದುಗರು, ಧಾರವಾಡ

ಉತ್ತರ: ಅದು ಡಿಎನ್‌ಎಯ ಪ್ರತ್ಯಾಮ್ಲಗಳ ನಡುವೆ ಸೇರಿಕೊಳ್ಳುವುದರಿಂದಲೇ ಹೊಳೆಯುತ್ತದೆ, ಅದೇ ಗುಣದಿಂದ ಅದನ್ನು ಉತ್ಪರಿವರ್ತನಕಾರಿ (ಡಿಎನ್‌ಎಯಲ್ಲಿ ಬದಲಾವಣೆ ತರುವಂಥದ್ದು) ಎಂದು ಪರಿಗಣಿಸಿ ಎಚ್ಚರ ವಹಿಸುತ್ತಾರೆ. ನೈಟ್ರೈಲ್ ಕೈಗವಸು ಹಾಕಿ, ಅದೇ ಕೈಯಲ್ಲಿ ಮೊಬೈಲನ್ನಾಗಲಿ ಬಾಗಿಲ ಹಿಡಿಯನ್ನಾಗಲಿ ಮುಟ್ಟಬೇಡಿ. ಬಳಸಿದ ಜೆಲ್ಲನ್ನು ಸಾಮಾನ್ಯ ಕಸಕ್ಕೆ ಹಾಕದೆ ಅದಕ್ಕೆಂದೇ ಇಟ್ಟ ಡಬ್ಬಕ್ಕೆ ಹಾಕಿ, ಅತಿನೇರಳೆ ಬೆಳಕಿನಲ್ಲಿ ಜೆಲ್ ನೋಡುವಾಗ ಮುಖಕ್ಕೆ ರಕ್ಷಾಕವಚ ಧರಿಸಿ.