ಲೇಬಲ್‌ಗಿಂತ ಜೋಡಣೆ ನೋಡಿ: ಹಳೆಯ ಡ್ಯಾನಿಶ್ ಕುರ್ಚಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಲಂಡನ್ನಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಬೆನ್ನಿಗೆ ‘ವೈ’ ಆಕಾರದ ತುಂಡಿರುವ ನಾಲ್ಕು ಊಟದ ಕುರ್ಚಿ ನೋಡಿದೆ. ಲೇಬಲ್ ಇಲ್ಲ. ಡ್ಯಾನಿಶ್ ವಿನ್ಯಾಸಕ ಹಾನ್ಸ್ ವೆಗ್ನರ್‌ರ ಕುರ್ಚಿ, 1950ರ ದಶಕದ್ದು ಅನ್ನುತ್ತಾರೆ. ಪರೀಕ್ಷಿಸುವುದು ಹೇಗೆ?

ಉತ್ತರ: ಲೇಬಲ್ ಇಲ್ಲವೆಂದು ತಲೆ ಕೆಡಿಸಿಕೊಳ್ಳಬೇಡಿ. ಕಾಗದದ ಚೀಟಿ ಉದುರಿಹೋಗುತ್ತದೆ, ಸುಟ್ಟು ಒತ್ತಿದ ಮುದ್ರೆ ಮರ ಉಜ್ಜಿಸುವಾಗ ಅಳಿಸಿಹೋಗುತ್ತದೆ. ಲೇಬಲ್ ತಂದು ಅಂಟಿಸುವುದಂತೂ ಎರಡು ನಿಮಿಷದ ಕೆಲಸ. ಕುರ್ಚಿ ಕಟ್ಟಿದ ರೀತಿಯನ್ನು ಹಾಗೆ ಬದಲಿಸಲು ಬರುವುದಿಲ್ಲ.

ವೆಗ್ನರ್ ಇದನ್ನು ವಿನ್ಯಾಸ ಮಾಡಿದ್ದು 1949ರಲ್ಲಿ. ಡೆನ್ಮಾರ್ಕಿನ ಓಡೆನ್ಸ್‌ನಲ್ಲಿ ಶುರುವಾದ ಕಾರ್ಲ್ ಹ್ಯಾನ್ಸನ್ ಕಂಪನಿ 1950ರಿಂದ ಇವತ್ತಿನವರೆಗೂ ಸಿಎಚ್24 ಎಂಬ ಹೆಸರಲ್ಲಿ ತಯಾರಿಸುತ್ತಿದೆ. ಮೊದಲು ನೋಡಬೇಕಾದ್ದು ಕೈಯೂರುವ, ಬೆನ್ನಿಗೂ ಆನಿಕೆಯಾಗುವ ಅರ್ಧವೃತ್ತದ ಮೇಲ್ಪಟ್ಟಿ. ಅಸಲಿಯಲ್ಲಿ ಅದು ಹಬೆ ಕೊಟ್ಟು ಬಗ್ಗಿಸಿದ ಒಂದೇ ತುಂಡು. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಮರದ ಎಳೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಿಂಬಾಲಿಸಿ. ಎಲ್ಲೂ ಕಡಿಯದೆ ಸಾಗಿದರೆ ಸರಿ. ನಡುವೆ ಜೋಡಣೆಯ ಗೆರೆ ಸಿಕ್ಕರೆ, ಎಳೆಯ ದಿಕ್ಕು ಥಟ್ಟನೆ ಬದಲಾದರೆ, ಅದು ಎರಡು ಮೂರು ತುಂಡು ಕತ್ತರಿಸಿ ಅಂಟಿಸಿದ ನಕಲು. ಆಮೇಲೆ ‘ವೈ’ ತುಂಡಿನ ಅಂಚು ನೋಡಿ: ತೆಳುಪದರಗಳನ್ನು ಅಚ್ಚಿನಲ್ಲಿ ಒತ್ತಿ ಮಾಡಿದ್ದರಿಂದ ಪದರದ ಗೆರೆಗಳು ಕಾಣಬೇಕು. ನಕಲಿಗಳಲ್ಲಿ ಇದು ಹಲವು ಸಲ ದಪ್ಪನೆಯ ಇಡೀ ಮರ.

ಸೀಟು ಕಾಗದದ ಹುರಿಯದು. ಒಂದು ಕುರ್ಚಿಗೆ ಸುಮಾರು 120 ಮೀಟರ್ ಬೇಕು. ಕೆಳಗಡೆ ಹುರಿಯ ತುದಿ ಹುಡುಕಿ ಹೊಸೆದದ್ದನ್ನು ಸ್ವಲ್ಪ ಬಿಚ್ಚಿ. ಕಾಗದವಾದರೆ ಚಪ್ಪಟೆ ಪಟ್ಟಿಯಾಗಿ ಅರಳುತ್ತದೆ, ಪ್ಲಾಸ್ಟಿಕ್ ಆದರೆ ಇಲ್ಲ. ಹುರಿ ಹೊಸದಾಗಿ ಕಂಡರೆ ಅನುಮಾನಪಡಬೇಡಿ, ಹಳೆ ಕುರ್ಚಿಗೆ ಮತ್ತೆ ಹೆಣೆಸುವುದು ಮಾಮೂಲು.

ಇಷ್ಟೆಲ್ಲ ಸರಿಯಿದ್ದರೆ ಕುರ್ಚಿ ಅಸಲಿ ಎಂದಾಯಿತು, ಹಳೆಯದು ಎಂದಲ್ಲ. ಹೋದ ವರ್ಷ ತಯಾರಾದದ್ದಕ್ಕೂ ಇವೇ ಗುಣಗಳಿರುತ್ತವೆ. ಅದಕ್ಕೆ ಟೇಪ್ ಹಿಡಿಯಿರಿ: ಹಳೆಯವುಗಳ ಸೀಟು ನೆಲದಿಂದ ಸುಮಾರು 43 ಸೆಂ.ಮೀ., ಈಗಿನವು 45. ಕಾಲು ಕೊಯ್ದು ಗಿಡ್ಡ ಮಾಡಿರಬಹುದು, ಹಾಗಾಗಿ ಕಾಲಿನ ತಳದ ಕೊಯ್ತ ಹೊಸತೋ ಹಳತೋ ಎಂದೂ ನೋಡಿ.

ಪ್ರಶ್ನೆ: ವೆಗ್ನರ್‌ರ ‘ರೌಂಡ್ ಚೇರ್’ ಮಾರಾಟಕ್ಕಿದೆ. ಅದರ ಮೇಲ್ಪಟ್ಟಿಯಲ್ಲಿ ಗರಗಸದ ಹಲ್ಲಿನಂಥ ಜೋಡಣೆ ಎದ್ದು ಕಾಣುತ್ತದೆ. ನಕಲಿಯೇ?

ಉತ್ತರ: ಇಲ್ಲಿ ಲೆಕ್ಕ ತಿರುಗುಮುರುಗು. 1949ರ ಈ ಕುರ್ಚಿಯ ಮೇಲ್ಪಟ್ಟಿಯನ್ನು ತುಂಡುಗಳಿಂದಲೇ ಕಟ್ಟುತ್ತಾರೆ. ಮೊದಮೊದಲು ಬೆನ್ನಿನ ಸುತ್ತ ಬೆತ್ತ ಸುತ್ತಿ ಜೋಡಣೆ ಮುಚ್ಚುತ್ತಿದ್ದರು. ಆಮೇಲೆ ಹಲ್ಲಿನ ಜೋಡಣೆ ತಂದು, ಮುಚ್ಚದೆ ಬಿಟ್ಟರು. ಹಲ್ಲುಗಳ ನಡುವೆ ಕೂದಲೆಳೆಯಷ್ಟೂ ಸಂದಿ ಇರಬಾರದು. ಸಂದಿಗೆ ಮೇಣವೋ ಪುಟ್ಟಿಯೋ ತುಂಬಿದ್ದರೆ ಕೈಬಿಡಿ. ಮುದ್ರೆಯಿದ್ದರೆ ಕಾಲ ತಿಳಿಯುವುದು ಸುಲಭ: ಹಳೆಯವು ಕೋಪನ್‌ಹೇಗನ್ನಿನ ಯೊಹಾನೆಸ್ ಹ್ಯಾನ್ಸನ್ ಕಾರ್ಯಾಗಾರದವು, 1990ರ ದಶಕದ ಆರಂಭದಿಂದ ಪಿಪಿ ಮೋಬ್ಲರ್ ಕಂಪನಿಯವು. 1960ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಟಿವಿ ಚರ್ಚೆಯಲ್ಲಿ ಕೆನಡಿ ಇದರ ಮೇಲೆ ಕೂತಿದ್ದೇ ತಡ, ಕೈ ದುಂಡಗಿರುವ ಕುರ್ಚಿಯೆಲ್ಲ ಮಾರುವವರ ಬಾಯಲ್ಲಿ ಕೆನಡಿ ಕುರ್ಚಿಯಾಗಿಬಿಟ್ಟಿದೆ.

ಪ್ರಶ್ನೆ: ಮೋಲರ್ ಕಂಪನಿಯ ತೇಗದ ಆರು ಕುರ್ಚಿಗಳ ಸೆಟ್. ನಾಲ್ಕಕ್ಕೆ ಮುದ್ರೆಯಿದೆ, ಎರಡಕ್ಕಿಲ್ಲ.

ಉತ್ತರ: ಬೇರೆ ಕಡೆಯ ಎರಡನ್ನು ಸೇರಿಸಿ ಆರು ಮಾಡಿರುವ ಸಾಧ್ಯತೆ ಇದೆ. ಆರನ್ನೂ ಬೋರಲು ಹಾಕಿ. ಹುರಿ ಹೆಣೆದ ಮೋಲರ್ ಕುರ್ಚಿಗಳಲ್ಲಿ ಸೀಟಿನ ಚೌಕಟ್ಟಿನ ಒಳಮೈಗೆ ‘ಎಲ್’ ಆಕಾರದ ಮೊಳೆಗಳ ಸಾಲು ಹೊಡೆದು, ಹುರಿಯನ್ನು ಅದಕ್ಕೆ ಸಿಕ್ಕಿಸಿರುತ್ತಾರೆ. ಎರಡರಲ್ಲಿ ಮಾತ್ರ ಅದರ ಬದಲು ಸ್ಟೇಪಲ್ ಪಿನ್ ಇದ್ದರೆ, ಯಾರೋ ಮೊಳೆ ಕಿತ್ತು ಅಗ್ಗದಲ್ಲಿ ಹೆಣೆದಿದ್ದಾರೆ ಅಥವಾ ಅವು ಮೋಲರ್‌ನವೇ ಅಲ್ಲ. ಕಾಲಿನ ದಪ್ಪ, ಬೆನ್ನಿನ ಅಗಲ ಅಳೆದು ಹೋಲಿಸಿ. ಕೈಯಲ್ಲಿ ತಿದ್ದಿದ ಕೆಲಸ, ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ನಡೆಯುತ್ತದೆ. ಅರ್ಧ ಸೆಂಟಿಮೀಟರ್ ನಡೆಯುವುದಿಲ್ಲ. ಬಿಸಿಲು ಕಾಣದ ಒಳಮೈಯ ಬಣ್ಣ ಹೊರಮೈಗಿಂತ ಬೇರೆ ಇರಬೇಕು. ಒಳಗೂ ಹೊರಗೂ ಒಂದೇ ಬಣ್ಣವಾದರೆ ಪಾಲಿಶ್‌ನಲ್ಲಿ ಅದ್ದಿದ್ದಾರೆ ಎಂದೇ ಅರ್ಥ. ಮಾದರಿ ಸಂಖ್ಯೆಯೂ ತಾಳೆಯಾಗಲಿ: 71 ಬಂದದ್ದು 1951ರಲ್ಲಿ, 78 ಬಂದದ್ದು 1962ರಲ್ಲಿ. “1955ರ ಮಾದರಿ 78” ಎಂದವರ ಉಳಿದ ಮಾತನ್ನೂ ಅಷ್ಟಕ್ಕೇ ನಂಬಿ.

ಪ್ರಶ್ನೆ: ಡೆನ್ಮಾರ್ಕಿನಿಂದ ಬೆಂಗಳೂರಿಗೆ ವಾಪಸಾಗುತ್ತಿದ್ದೇವೆ. ರೋಸ್‌ವುಡ್ ಕುರ್ಚಿ ಆರಿವೆ. ಅದು ನಮ್ಮ ಬೀಟೆಯೇ? ತರಬಹುದೇ?

ಉತ್ತರ: ಮೊದಲು ಅದು ರೋಸ್‌ವುಡ್ ಹೌದೋ ನೋಡಿ. ಬಣ್ಣ ಹಚ್ಚಿದ ಬೀಚ್ ಮರವೂ ಆ ಹೆಸರಲ್ಲಿ ಮಾರಾಟವಾಗುತ್ತದೆ. ಕಾಲಿನ ತಳವನ್ನು ಉಗುರಿನಿಂದ ಕೆರೆಯಿರಿ: ಬೀಚ್ ಆದರೆ ಒಳಗೆ ಬಿಳಿಚಿದ ಬಣ್ಣ, ಮೈಮೇಲೆ ಚಿಕ್ಕಚಿಕ್ಕ ಕಂದು ಚುಕ್ಕೆಗೆರೆ. ರೋಸ್‌ವುಡ್ ಒಳಗೂ ಕಪ್ಪುಗಂದು.

ಬ್ರೆಜಿಲ್ಲಿನದೋ ಭಾರತದ ಬೀಟೆಯೋ ಎಂದು ಕಣ್ಣಳತೆಯಲ್ಲಿ ಹೇಳುವವರನ್ನು ನಂಬಬೇಡಿ, ಪ್ರಯೋಗಾಲಯವೇ ಬೇಕು. ವ್ಯತ್ಯಾಸ ಮುಖ್ಯ. ಅಳಿವಿನಂಚಿನ ಗಿಡಮರ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಒಂದನೇ ಅನುಬಂಧಕ್ಕೆ, ಅಂದರೆ ಅತಿ ಬಿಗಿಯಾದ ಪಟ್ಟಿಗೆ, ಬ್ರೆಜಿಲ್ ರೋಸ್‌ವುಡ್ 1992ರಲ್ಲಿ ಸೇರಿತು. ಅದಕ್ಕೂ ಮೊದಲಿನ ಮರ ಎಂಬ ಪ್ರಮಾಣಪತ್ರವನ್ನು ಡೆನ್ಮಾರ್ಕಿನ ಸೈಟಿಸ್ ಕಚೇರಿಯಿಂದ ಪಡೆಯಬೇಕು. ಬೀಟೆ ಅಷ್ಟು ಬಿಗಿಯಿಲ್ಲದ ಎರಡನೇ ಅನುಬಂಧದಲ್ಲಿದೆ. ಸಿದ್ಧವಸ್ತುವಿನಲ್ಲಿ 10 ಕೆ.ಜಿ. ಮರದವರೆಗೆ ವಿನಾಯಿತಿ ಉಂಟು, ಆ ಲೆಕ್ಕ ಈಗ ಇಡೀ ರವಾನೆಗಲ್ಲ, ಒಂದೊಂದು ಕುರ್ಚಿಗೆ. ಹಳೆ ಬಿಲ್ಲು, ಮುದ್ರೆಯ ಫೋಟೊ ಜೋಡಿಸಿ, ಸಾಮಾನು ಕಂಟೇನರ್ ಹತ್ತುವ ಮುಂಚೆಯೇ ಅರ್ಜಿ ಹಾಕಿ.