ಉತ್ತರಾಯಣ ಡಿಸೆಂಬರ್‌ನಲ್ಲೋ, ಸಂಕ್ರಾಂತಿಯಂದೋ? ಮಗಳಿಗೆ ಏನೆಂದು ಹೇಳಲಿ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಸೂರ್ಯ ಡಿಸೆಂಬರ್ 22ರ ಹೊತ್ತಿಗೇ ಉತ್ತರಕ್ಕೆ ತಿರುಗುತ್ತಾನೆ ಎಂದು ಶಾಲೆಯಲ್ಲಿ ಕಲಿತ ಮಗಳು, ಸಂಕ್ರಾಂತಿಯಂದೇ ಉತ್ತರಾಯಣ ಎನ್ನುವ ನಿಮ್ಮ ಮಾವನವರ ಮಾತನ್ನು ಒಪ್ಪುತ್ತಿಲ್ಲ, ಅವರಿಗೆ ಅದರಿಂದ ನೋವಾಗಿದೆ, ಇಬ್ಬರಲ್ಲಿ ಯಾರು ಸರಿ ಎಂದು ತಿಳಿಯಬೇಕಾಗಿದೆ. ಮಂಡ್ಯದಲ್ಲಿ ಬಹುಕಾಲ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸಿದವನು ನಾನು. ಸಂಕ್ರಾಂತಿಯ ಸ್ನಾನ, ಪೂಜೆ, ತರ್ಪಣಗಳನ್ನು ಇಂದಿಗೂ ಶ್ರದ್ಧೆಯಿಂದ ಮಾಡುವವನೂ ಹೌದು. ಸೂರ್ಯನ ಚಲನೆಯ ವಿಷಯದಲ್ಲಿ ನಿಮ್ಮ ಮಗಳ ಮಾತೇ ಸರಿ, ಮತ್ತು ಅದನ್ನು ಒಪ್ಪಿಕೊಂಡರೆ ಹಬ್ಬಕ್ಕೆ ಯಾವ ಕುಂದೂ ಬರುವುದಿಲ್ಲ.

ಒಂಟಿಕೊಪ್ಪಲು ಪಂಚಾಂಗವೂ ಸೇರಿದಂತೆ ನಮ್ಮ ಸೀಮೆಯ ಪಂಚಾಂಗಗಳು ಸೂರ್ಯನ ಸ್ಥಾನವನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಎಣಿಸುತ್ತವೆ. ಈ ನಿರಯಣ ಲೆಕ್ಕದಲ್ಲಿ ಸೂರ್ಯ ಮಕರ ರಾಶಿಯನ್ನು ಪ್ರವೇಶಿಸುವ ದಿನವೇ ಸಂಕ್ರಾಂತಿ, ಮತ್ತು ಆ ಲೆಕ್ಕ ತನ್ನ ಅಳತೆಯಲ್ಲಿ ಸರಿಯಾಗಿಯೇ ಇದೆ. ಆದರೆ ಭೂಮಿಯ ಅಕ್ಷ ಸದಾ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿಲ್ಲ. ವೇಗ ಕುಗ್ಗಿದ ಬುಗುರಿ ವಾಲಿಕೊಂಡು ಸುತ್ತುವ ಹಾಗೆ ಅದು ಸುಮಾರು 26,000 ವರ್ಷಗಳಿಗೊಮ್ಮೆ ಒಂದು ಸುತ್ತು ಬರುತ್ತದೆ. ಭೂಮಿ ನಡುವಿನಲ್ಲಿ ಉಬ್ಬಿಕೊಂಡಿದ್ದು, ಸಮಭಾಜಕದ ಬಳಿಯ ವ್ಯಾಸ ಧ್ರುವದಿಂದ ಧ್ರುವಕ್ಕಿರುವ ವ್ಯಾಸಕ್ಕಿಂತ ಸುಮಾರು 43 ಕಿಲೋಮೀಟರ್ ಹೆಚ್ಚಾಗಿದೆ. ಆ ಉಬ್ಬನ್ನು ಸೂರ್ಯ ಚಂದ್ರರು ಸೆಳೆಯುವುದೇ ಇದಕ್ಕೆ ಕಾರಣವೆಂದು ನ್ಯೂಟನ್ 1687ರಲ್ಲಿ ವಿವರಿಸಿದ. ಇದರ ಫಲವಾಗಿ ನಕ್ಷತ್ರಗಳ ಲೆಕ್ಕದ ಸಂಕ್ರಾಂತಿ ಋತುಗಳ ಲೆಕ್ಕಕ್ಕಿಂತ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಹಿಂದೆ ಬೀಳುತ್ತಾ ಬಂದಿದೆ. ಸುಮಾರು 1,700 ವರ್ಷಗಳ ಹಿಂದೆ ಸಂಕ್ರಾಂತಿಯೂ ಸೂರ್ಯ ಉತ್ತರಕ್ಕೆ ತಿರುಗುವ ದಿನವೂ ಕೂಡಿಯೇ ಬರುತ್ತಿದ್ದವು. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ. ಅಂದಿನ ತಾರೀಖು 1863ರ ಜನವರಿ 12. ಈಗ ಹಬ್ಬ 14 ಅಥವಾ 15ಕ್ಕೆ ಬರುತ್ತಿದೆ.

ಮಾವನವರಿಗೆ ವಿಜ್ಞಾನದ ಪಠ್ಯಪುಸ್ತಕಕ್ಕಿಂತ ನಮ್ಮ ಪ್ರಾಚೀನ ಜ್ಯೋತಿಶ್ಶಾಸ್ತ್ರಜ್ಞ ವರಾಹಮಿಹಿರನ ಮಾತು ಹೆಚ್ಚು ಒಪ್ಪಿಗೆಯಾಗಬಹುದು. ಆರನೆಯ ಶತಮಾನದ ಬೃಹತ್ಸಂಹಿತೆಯ ಆದಿತ್ಯಚಾರ ಅಧ್ಯಾಯದ ಆರಂಭದಲ್ಲೇ ಆತ ಈ ವಿಷಯವನ್ನು ಎತ್ತಿಕೊಳ್ಳುತ್ತಾನೆ. ಹಿಂದಿನ ಶಾಸ್ತ್ರಗಳು ಉತ್ತರಾಯಣ ಧನಿಷ್ಠಾ ನಕ್ಷತ್ರದ ಆದಿಯಿಂದ ಎಂದು ಹೇಳಿವೆ, ಒಂದು ಕಾಲದಲ್ಲಿ ಅದು ಹಾಗೆಯೇ ಇದ್ದಿರಬೇಕು, ಈಗ ಮಾತ್ರ ಮಕರದ ಆದಿಯಿಂದ ಆಗುತ್ತಿದೆ, ವ್ಯತ್ಯಾಸವಿದ್ದರೆ ಪ್ರತ್ಯಕ್ಷ ಪರೀಕ್ಷೆಯಿಂದ ತಿಳಿಯಬೇಕು ಎನ್ನುವುದು ಅವನ ಮಾತಿನ ಸಾರ. ಸೂರ್ಯೋದಯ, ಸೂರ್ಯಾಸ್ತಗಳನ್ನು ದೂರದ ಗುರುತೊಂದಕ್ಕೆ ಹೊಂದಿಸಿ ನೋಡಬೇಕೆಂದೂ, ದೊಡ್ಡ ವೃತ್ತದಲ್ಲಿ ನೆರಳನ್ನು ಗುರುತಿಸಬೇಕೆಂದೂ ಆತ ಉಪಾಯ ಹೇಳುತ್ತಾನೆ. ಅಕ್ಷದ ಸುತ್ತಾಟದ ಕಾರಣ ಅವನಿಗೆ ಗೊತ್ತಿರಲಿಲ್ಲ. ಗೊತ್ತಿತ್ತೆಂದು ಹೊಗಳುವುದು ಅವನಿಗೆ ಮಾಡುವ ಅನ್ಯಾಯ. ಅವನ ದೊಡ್ಡತನ ಇರುವುದು, ಪೂರ್ವಶಾಸ್ತ್ರದ ಮೇಲಿನ ಗೌರವವನ್ನು ಬಿಡದೆಯೇ ಶಾಸ್ತ್ರಕ್ಕೂ ಆಕಾಶಕ್ಕೂ ಹೊಂದದಿದ್ದಾಗ ಆಕಾಶವನ್ನೇ ನೋಡಿ ಎಂದದ್ದರಲ್ಲಿ.

ನನ್ನನ್ನು ನಿಜವಾಗಿ ಚಿಂತೆಗೀಡುಮಾಡುವುದು ಮಾವನವರ ನಂಬಿಕೆಯಲ್ಲ. ಪ್ರತಿ ಜನವರಿಯಲ್ಲೂ ವಾಟ್ಸಾಪ್‌ನಲ್ಲಿ ಹರಿದಾಡುವ, ‘ಸೂರ್ಯ ಇಂದೇ ಉತ್ತರಕ್ಕೆ ತಿರುಗುವುದು ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂಬ ಬಗೆಯ ಸಂದೇಶಗಳು. ಆ ಪುಣ್ಯಕಾಲದಲ್ಲಿ ಕೊಟ್ಟ ಎಳ್ಳುನೀರು ಪಿತೃಗಳಿಗೆ ಸಲ್ಲುತ್ತದೆಯೇ ಎಂಬುದನ್ನು ಅಳೆಯುವ ಸಾಧನ ವಿಜ್ಞಾನದ ಬಳಿ ಇಲ್ಲ, ಅದು ಅಳೆಯಲು ಹೊರಟೂ ಇಲ್ಲ. ಅಂಥ ನಂಬಿಕೆಯನ್ನು ಪರೀಕ್ಷೆಗೆ ಸಿಕ್ಕುವ ಒಂದು ತಪ್ಪು ಮಾತಿನ ಮೇಲೆ ನಿಲ್ಲಿಸಿದರೆ, ಆ ಮಾತು ಬಿದ್ದ ದಿನ ಮಕ್ಕಳ ಮನಸ್ಸಿನಲ್ಲಿ ನಂಬಿಕೆಯೂ ಬೀಳುತ್ತದೆ. ಹಬ್ಬವೇ ಸುಳ್ಳು ಎನ್ನುವವರನ್ನೂ ನಾನು ಒಪ್ಪಲಾರೆ. ಸುಗ್ಗಿ ಮುಗಿಸಿದ ಮಂಡ್ಯದ ರೈತ ದನಗಳಿಗೆ ಮೈತೊಳೆದು, ಅಲಂಕರಿಸಿ, ಸಂಜೆ ಕಿಚ್ಚು ಹಾಯಿಸುವುದಕ್ಕೆ ಖಗೋಳಶಾಸ್ತ್ರದ ಅಪ್ಪಣೆ ಬೇಕಿಲ್ಲ. ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯೂ ಸರ್ಕಾರಿ ಪಂಚಾಂಗವನ್ನು ಋತುಗಳಿಗೆ ಹೊಂದಿಸಿತೇ ಹೊರತು ಹಬ್ಬಗಳ ನಿರಯಣ ಲೆಕ್ಕವನ್ನು ಒಮ್ಮೆಲೇ ಕಿತ್ತುಹಾಕಲಿಲ್ಲ. ಆ ರಾಷ್ಟ್ರೀಯ ಶಕ ಪಂಚಾಂಗದ ಪುಷ್ಯಮಾಸ ಆರಂಭವಾಗುವುದು ಡಿಸೆಂಬರ್ 22ಕ್ಕೇ.

ಮಗಳಿಗೂ ತಾತನಿಗೂ ವಾದ ಬೆಳೆಸುವ ಬದಲು ವರಾಹಮಿಹಿರ ಹೇಳಿದ ನೆರಳಿನ ಪರೀಕ್ಷೆಯನ್ನು ಇಬ್ಬರೂ ಕೂಡಿ ಮಾಡಲಿ. ಮಹಡಿಯ ಮೇಲೆ ಸಮತಟ್ಟಾದ ಜಾಗದಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ, ದಿನದ ಅತಿ ಗಿಡ್ಡ ನೆರಳನ್ನು ಅಳೆಯಬೇಕು. ನಮ್ಮ ಮಂಡ್ಯದಲ್ಲಿ ಆ ಕಾಲದಲ್ಲಿ ಅದು ಬೀಳುವುದು ಮಧ್ಯಾಹ್ನ 12.10ರಿಂದ 12.35ರ ನಡುವೆ. ಡಿಸೆಂಬರ್ 22ರಂದು ಅದು ಸುಮಾರು 72 ಸೆಂಟಿಮೀಟರ್ ಇರುತ್ತದೆ, ಜನವರಿ 15ರ ಹೊತ್ತಿಗೆ 67ರ ಆಸುಪಾಸಿಗೆ ಇಳಿದಿರುತ್ತದೆ. ನೆರಳು ಗಿಡ್ಡವಾಗುತ್ತಿದೆ ಎಂದರೆ ಸೂರ್ಯ ಆಗಲೇ ಉತ್ತರದ ದಾರಿ ಹಿಡಿದಿದ್ದಾನೆ ಎಂದರ್ಥ. ಒಂದು ಎಚ್ಚರಿಕೆ: ತಿರುವಿನ ಆಚೀಚಿನ ಒಂದು ವಾರದಲ್ಲಿ ನೆರಳು ಅರ್ಧ ಸೆಂಟಿಮೀಟರಿನಷ್ಟೂ ಬದಲಾಗುವುದಿಲ್ಲ, ಆದ್ದರಿಂದ ಎರಡು ದಿನ ನೋಡಿ ತೀರ್ಮಾನಕ್ಕೆ ಬರದೆ, ಡಿಸೆಂಬರ್ ಮೊದಲ ವಾರದಿಂದಲೇ ಅಳೆಯಲು ತೊಡಗಿ ಸಂಕ್ರಾಂತಿಯವರೆಗೂ ಬರೆದಿಡಲಿ.